ಬಾವಲಿ, ಅಂತರಗಂಗೆ: ಮೊದಲು ಯಾವುದನ್ನು ತಡೀಬೇಕು?

ಮಾವಿನತೋಪು:
ಶ್ರೀನಿವಾಸಪುರ ಕಡೆ ಮಾವಿನ ತೋಟ. ಏರಿ ಮೇಲಿನ ಆಲದಲ್ಲಿ ಹಣ್ಣು ತಿನ್ನೋ ದೊಡ್ಡ ಬಾವಲಿಗಳು, ಕೆರೆ ಕಾಲುಭಾಗ ಅಂತರಗಂಗೆ ಅನ್ನೋ ತೇಲುವ ಕಳೆ. ಮೊದಲು ಮರ ಕಡಿದು ಬಾವಲಿ ಓಡಿಸಿ, ಕೆರೆ ಆಮೇಲೆ ನೋಡೋಣ ಅಂತಿದ್ದಾರೆ ಊರಲ್ಲಿ. ಸರೀನಾ?

ಕೆರೆಯಂಗಳ:
ಲೆಕ್ಕ ತಲೆಕೆಳಗಾಗಿದೆ. ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕೋದು, ಗರ್ಭವೇ ಸುಮಾರು ಐದು ತಿಂಗಳು. ಅಂತರಗಂಗೆ ಹಾಗಲ್ಲ, ಪಕ್ಕಕ್ಕೆ ಬಳ್ಳಿ ಚಾಚಿ ಮರಿಗಿಡ ಬಿಡ್ತಾ ಹೋಗುತ್ತೆ. ಸಾರಜನಕ, ರಂಜಕ ಹೆಚ್ಚಿರೋ ನೀರಲ್ಲಿ ಎರಡು ವಾರಕ್ಕೆ ಎರಡರಷ್ಟು. ಇವತ್ತಿನ ಕಾಲುಭಾಗ ಒಂದು ತಿಂಗಳಲ್ಲಿ ಇಡೀ ಕೆರೆ.

ಗಿಡ ಯಾವುದು ಅಂತ ಮೊದಲು ನೋಡಿ, ಅಂತರಗಂಗೆ ಅನ್ನೋ ಹೆಸರು ಎರಡು ಬೇರೆ ಗಿಡಕ್ಕೂ ಇದೆ. ಎಲೆದಂಟು ಊದಿಕೊಂಡು ನೇರಳೆ ಹೂ ಬಿಟ್ಟರೆ ದಕ್ಷಿಣ ಅಮೆರಿಕದ ವಾಟರ್ ಹಯಾಸಿಂತ್. ಎಲೆಕೋಸಿನ ಹಾಗೆ ಸುತ್ತೆಲೆ ಇದ್ದರೆ ಇನ್ನೊಂದು, ವಾಟರ್ ಲೆಟ್ಯೂಸ್.

ಹಯಾಸಿಂತ್ ಆದ್ರೆ ಹೂ ಬಿಡೋಕೆ ಮುಂಚೆ ತೆಗೀರಿ. ಬೀಜ ಕೆಸರಲ್ಲಿ ಹದಿನೈದು-ಇಪ್ಪತ್ತು ವರ್ಷ ಜೀವ ಹಿಡಿದಿರುತ್ತೆ. ಗಾಳಿ ಒತ್ತಿ ತಂದ ದಡದಿಂದ ಶುರು ಮಾಡಿ, ತೆಗೆದ ಜಾಗಕ್ಕೆ ತೇಲುವ ಬಿದಿರು ಅಡ್ಡ ಕಟ್ಟಿ. ಬುಡಸಮೇತ ಎಳೀರಿ, ತುಂಡು ತೇಲಿಹೋದ್ರೆ ಮತ್ತೆ ಚಿಗುರುತ್ತೆ. ತೂಕದಲ್ಲಿ 90%ಗೂ ಹೆಚ್ಚು ನೀರೇ, ಒಣಗಿಸದೆ ಸಾಗಿಸಿದ್ರೆ ಟ್ರ್ಯಾಕ್ಟರ್ ಬಾಡಿಗೆ ದಂಡ. ಆದರೆ ಒಣಗಿಸೋ ರಾಶಿ ನೀರಂಚಿಂದ ಮೇಲಿರಲಿ, ಇಲ್ಲಾಂದ್ರೆ ಒಂದು ಮಳೆಗೆ ವಾಪಸ್. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರೋ ಕೆರೆಯಾದ್ರೆ ಭಾರಲೋಹ ಪರೀಕ್ಷೆ ಮಾಡಿಸದೆ ಈ ಗಿಡದ ಗೊಬ್ಬರ ಸೊಪ್ಪು-ತರಕಾರಿಗೆ ಹಾಕಬೇಡಿ.

ಮಾವಿನತೋಪು:
ಹುಳ ಬಿಟ್ಟು ತಿನ್ನಿಸಬಹುದಂತೆ?

ಕೆರೆಯಂಗಳ:
ಮೂತಿಹುಳು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಫಲ ಕಂಡಿದ್ದಾರೆ. ಆದರೆ ಎರಡು-ಮೂರು ವರ್ಷ ಹಿಡಿಯುತ್ತೆ, ಬೇಸಿಗೆಗೆ ಒಣಗೋ ಕೆರೆಯಲ್ಲಿ ಗಿಡದ ಜೊತೆ ಹುಳವೂ ಹೋಗುತ್ತೆ. ಈ ವರ್ಷದ ಕೆಲಸಕ್ಕೆ ನೆಚ್ಚಬೇಡಿ.

ಹಿಪ್ಪೆಮರ:
ಆಲ ಕಡಿದ್ರೂ ತೋಟ ಉಳಿಯಲ್ಲ. ಬಾವಲಿ ಮೇವಿಗೆ ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ಹಾರುತ್ತೆ. ಬೇರೆ ಮರಕ್ಕೆ ಜೋತುಬಿದ್ದು ನಿಮ್ಮ ತೋಟಕ್ಕೇ ಬರುತ್ತೆ. ಆಲ, ಅತ್ತಿ, ಹಿಪ್ಪೆ ಬೀಜ ಹರಡೋದೂ ಅದೇ. ಮೊದಲು ವನ್ಯಜೀವಿ ಕಾನೂನಲ್ಲಿ ಕ್ಷುದ್ರಜೀವಿ (ಕೊಲ್ಲಬಹುದಾದ ಪ್ರಾಣಿ) ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿದೆ. ಕೊಲ್ಲೋ ಮಾತು ಬೇಡ.

ಬಾವಲಿಗೆ ಬೇಕಿರೋದು ಮಾಗಿದ ಹಣ್ಣು. ಕಾಯಿಯ ಭುಜ (ತೊಟ್ಟಿನ ಪಕ್ಕದ ಭಾಗ) ತುಂಬಿ ಬಲಿತ ಕೂಡಲೇ ಕಿತ್ತು ಮನೇಲಿ ಹಣ್ಣು ಮಾಡಿ, ಸಾಕಷ್ಟು ನಷ್ಟ ಅಲ್ಲೇ ತಪ್ಪುತ್ತೆ. ಮನೆ ಹತ್ತಿರದ ನಾಲ್ಕಾರು ಮರಕ್ಕೆ ಬಲೆ ಸಾಕು. ಮೀನುಬಲೆ ಮಾತ್ರ ಹಾಕಬೇಡಿ, ರೆಕ್ಕೆ ಸಿಕ್ಕಿ ಸಾಯುತ್ತವೆ. ಕಿರುಬೆರಳು ತೂರದ ಬಿಳಿ ಬಲೆ, ಚೌಕಟ್ಟಿಗೆ ಬಿಗಿಯಾಗಿ, ಕೊಂಬೆಗೆ ತಾಗದಂತೆ. ಕಚ್ಚಿ ಬಿದ್ದ ಹಣ್ಣನ್ನು ಮಕ್ಕಳೂ ತಿನ್ನಬಾರದು, ದನ-ಹಂದಿಗೂ ಹಾಕಬಾರದು. ಗುಂಡಿ ತೋಡಿ ಮುಚ್ಚಿ.