ಬಲೂನ್ ಬಿಟ್ಟು ಟೋಸ್ಟ್‌ಗೆ ಹೋದವರು ಅನುಭವ ತಿಳಿಸಿ

ಶಿವಮೊಗ್ಗದಿಂದ, ಪ್ರಶ್ನೆ:
ಔಷಧ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿ ಕೊಡುತ್ತೇನೆ. ಅವಧಿ ಮುಗಿಯಲಿರುವ ಮಾತ್ರೆಗಳ ಎಚ್ಚರಿಕೆ ಇಂದಿಗೂ ವಿಂಡೋಸ್ ಟಾಸ್ಕ್‌ಬಾರ್ ಮೂಲೆಯ ಹಳೆಯ ಬಲೂನ್ (ಗುಳ್ಳೆಯಂತೆ ಏಳುವ ಪುಟ್ಟ ಸೂಚನೆ) ಕರೆಯಿಂದಲೇ ಹೋಗುತ್ತದೆ. ವಿಂಡೋಸ್ 10ರಿಂದ ಈಚೆಗೆ ವ್ಯವಸ್ಥೆಯೇ ಅದನ್ನು ಟೋಸ್ಟ್ (ಪರದೆಯ ಅಂಚಿನಲ್ಲಿ ಬರುವ ಹೊಸ ಬಗೆಯ ಸೂಚನೆ) ಮಾಡಿ ತೋರಿಸುತ್ತದೆ. ಆದರೆ ‘ನಾಳೆ ನೆನಪಿಸು’ ಎಂಬ ಬಟನ್ ಇಡಲು ಆಗುವುದಿಲ್ಲ. ಪೂರ್ತಿಯಾಗಿ ಹೊಸ ಟೋಸ್ಟ್ ವ್ಯವಸ್ಥೆಗೆ ಹೋಗಲೇ, ಸೂಚನೆ ತೋರಿಸುವ ಸ್ವಂತ ಕಿಟಕಿ ಬರೆಯಲೇ? ಕೆಲಸ ಮಾಡುವವನು ನಾನೊಬ್ಬನೇ. ಒಂದೆರಡು ಅಂಗಡಿಗಳಲ್ಲಿ ಉಬುಂಟು ಕೂಡ ಇದೆ.

ಹುಬ್ಬಳ್ಳಿಯಿಂದ:
ನಾನು ಹೊಸದಕ್ಕೇ ಹೋದೆ, ಹೋಗಿದ್ದಕ್ಕೆ ಸಂತೋಷವಿದೆ. ಆದರೆ ಖರ್ಚು ಕೇಳಿ. ನಮ್ಮದು ಸಿ++ ತಂತ್ರಾಂಶ, ಸಹಕಾರ ಸಂಘಗಳ ಲೆಕ್ಕಪತ್ರಕ್ಕೆ. ವಿಂಡೋಸ್ 8ರಲ್ಲಿ ಟೋಸ್ಟ್ ಬಂದಾಗಿನಿಂದ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಸ್ಟಾರ್ಟ್ ಮೆನುವಿನಲ್ಲಿ ಶಾರ್ಟ್‌ಕಟ್ ಇರಬೇಕು, ಅದರೊಳಗೆ ಆ್ಯಪ್ ಯೂಸರ್ ಮಾಡೆಲ್ ಐಡಿ (ವಿಂಡೋಸ್ ತಂತ್ರಾಂಶವನ್ನು ಗುರುತಿಸುವ ಹೆಸರು) ಇರಬೇಕು. ಬಟನ್ ಒತ್ತಿದಾಗ ಮುಚ್ಚಿರುವ ತಂತ್ರಾಂಶ ಎದ್ದು ಬರಬೇಕಾದರೆ ಕಾಮ್ ಆ್ಯಕ್ಟಿವೇಟರ್‌ನ ಗುರುತು ಸಂಖ್ಯೆಯೂ ಅದರಲ್ಲೇ ಇರಬೇಕು. ಇನ್‌ಸ್ಟಾಲರ್ ತಿದ್ದಲು ಹೊರಗಿನ ಒಬ್ಬ ಗುತ್ತಿಗೆದಾರರಿಗೆ 42,000 ರೂಪಾಯಿ ಕೊಟ್ಟೆ. ಅವರು ಐಡಿ ಹಾಕಿದರು, ಆ್ಯಕ್ಟಿವೇಟರ್ ಬಿಟ್ಟರು. ಸೂಚನೆ ಬರುತ್ತಿತ್ತು, ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೇಳಿದರೆ ‘ಒಪ್ಪಂದದಲ್ಲಿ ತೋರಿಸುವುದು ಮಾತ್ರ ಇತ್ತು’ ಎಂದರು. ಅದನ್ನು ಸರಿಪಡಿಸಲು ಮತ್ತೆ 15,000. ಆಡಿಟ್ ಹೊತ್ತಿಗೆ ಸಂಘದ ಗುಮಾಸ್ತರಿಂದ ಬೈಸಿಕೊಂಡಿದ್ದು ಲೆಕ್ಕಕ್ಕೆ ಸೇರಿಲ್ಲ.

ಬೆಂಗಳೂರಿನಿಂದ:
ಶಾರ್ಟ್‌ಕಟ್ ಗೋಳು ಹಳೆಯದು. ವಿಂಡೋಸ್ ಕಮ್ಯುನಿಟಿ ಟೂಲ್‌ಕಿಟ್ ಎಂಬ ಸಿದ್ಧ ಕೋಡ್ ಸಂಗ್ರಹದ 7.0ರಿಂದ ಅದರ ಅಗತ್ಯವೇ ಇಲ್ಲ. ಇಷ್ಟು ತಿಳಿದೂ ನಾನು ಸ್ವಂತ ಕಿಟಕಿಯನ್ನೇ ಬರೆದೆ. ವಿಸ್ಟಾ ಬಂದಾಗ ಬಲೂನ್ ಎಷ್ಟು ಹೊತ್ತು ನಿಲ್ಲಬೇಕು ಎಂದು ನಾವು ಕೊಟ್ಟ ಸಮಯವನ್ನು ಕೇಳುವುದು ನಿಂತಿತು. 8ರಲ್ಲಿ ಟೋಸ್ಟ್, 10ರಲ್ಲಿ ಸೂಚನೆಗಳನ್ನು ಕೂಡಿಡುವ ಆ್ಯಕ್ಷನ್ ಸೆಂಟರ್. ಪ್ರತಿ ಸಲವೂ ಗ್ರಾಹಕರು ಫೋನ್ ಮಾಡುವುದು ನನಗೆ. ಆಸ್ಪತ್ರೆಯ ರಸೀದಿ ಕೌಂಟರ್‌ಗೆ ಮಾಡಿಕೊಟ್ಟ ತಂತ್ರಾಂಶವನ್ನು ಅವರ ಕಂಪ್ಯೂಟರ್ ವಿಭಾಗದವರು ಅಡ್ಮಿನ್ ಅನುಮತಿಯಲ್ಲೇ ಓಡಿಸುತ್ತಾರೆ. ಮೈಕ್ರೋಸಾಫ್ಟ್‌ನ ಹೊಸ ಕೋಡ್ ಸಂಗ್ರಹವಾದ ವಿಂಡೋಸ್ ಆ್ಯಪ್ ಎಸ್‌ಡಿಕೆಯ ಸೂಚನೆಗಳು ಅಡ್ಮಿನ್ ಆಗಿ ಓಡುವ ತಂತ್ರಾಂಶಕ್ಕೆ ಸಿಗುವುದಿಲ್ಲ ಎಂದು ಅದರ ದಾಖಲೆಯಲ್ಲೇ ಬರೆದಿದೆ. ಇನ್ನು ನನಗೆ ಯಾವ ದಾರಿ ಉಳಿಯಿತು? ಎರಡು ಪರದೆ, ಎರಡಕ್ಕೂ ಬೇರೆ ಬೇರೆ ಡಿಪಿಐ (ಚುಕ್ಕೆಗಳ ದಟ್ಟಣೆ), ಅಂಚಿನಲ್ಲಿ ಅಕ್ಷರ ಕತ್ತರಿಸಿಹೋಗುತ್ತಿತ್ತು. ಅದನ್ನೆಲ್ಲ ಸರಿಮಾಡಿದೆ. ಈಗ ಯಾರ ಹಂಗೂ ಇಲ್ಲ.

ಹುಬ್ಬಳ್ಳಿಯಿಂದ:
ನಮ್ಮದು ಸಿ++ ಎಂದು ಮೊದಲೇ ಬರೆದಿದ್ದೇನೆ, ನೀವು ಹೇಳುವ ಅನುಕೂಲ ಡಾಟ್‌ನೆಟ್‌ನವರಿಗೆ. ಓದಿ ಉತ್ತರಿಸಿ. ನಿಮ್ಮ ಕಿಟಕಿ ‘ತೊಂದರೆ ಕೊಡಬೇಡಿ’ ಸ್ಥಿತಿಯನ್ನು ಗೌರವಿಸುತ್ತದೆಯೇ? ರೋಗಿಯ ಹೆಸರು ಪ್ರೊಜೆಕ್ಟರ್ ಮೇಲೆ ಬಂದರೆ ಹೊಣೆ ಯಾರು? ಕಣ್ಣು ಕಾಣದ ನೌಕರರ ಸ್ಕ್ರೀನ್ ರೀಡರ್ ಅದನ್ನು ಓದುತ್ತದೆಯೇ? ಇನ್ನೊಂದು ಮಾತು. ಟೋಸ್ಟ್‌ನಲ್ಲಿ ರಿಮೈಂಡರ್ ಎಂಬ ಬಗೆಯಿದೆ, ಒತ್ತುವವರೆಗೂ ಪರದೆಯ ಮೇಲೆ ನಿಲ್ಲುತ್ತದೆ. ಸ್ನೂಜ್ ಬಟನ್ ಅನ್ನು ವ್ಯವಸ್ಥೆಯೇ ನೋಡಿಕೊಳ್ಳುತ್ತದೆ, ನಿಮ್ಮ ತಂತ್ರಾಂಶ ಓಡುತ್ತಿರಬೇಕೆಂದೂ ಇಲ್ಲ. ಅದನ್ನೆಲ್ಲ ಕೈಯಿಂದ ಬರೆದು ಹೆಮ್ಮೆಪಡುವುದು ನನಗೆ ಅರ್ಥವಾಗುವುದಿಲ್ಲ.

ಬೆಂಗಳೂರಿನಿಂದ:
ಪ್ರೊಜೆಕ್ಟರ್ ಇರುವ ರಸೀದಿ ಕೌಂಟರ್ ತೋರಿಸಿ, ಆಮೇಲೆ ಮಾತಾಡೋಣ. ಸ್ಕ್ರೀನ್ ರೀಡರ್‌ಗೆ ಬೇಕಾದುದನ್ನು ನಾನು ಬರೆದಿದ್ದೇನೆ. ಕೇಳದೆ ತೀರ್ಪು ಕೊಡಬೇಡಿ.

ಮೈಸೂರಿನಿಂದ:
ಇಬ್ಬರೂ ಬಟನ್ ಬೇಕೆಂಬುದನ್ನು ಒಪ್ಪಿಕೊಂಡೇ ಜಗಳವಾಡುತ್ತಿದ್ದೀರಿ. ನಾನು ಅದನ್ನೇ ಒಪ್ಪುವುದಿಲ್ಲ. 2009ರ ಏಪ್ರಿಲ್‌ನಲ್ಲಿ ಉಬುಂಟು 9.04 ಬಂತು, ಅದರೊಂದಿಗೆ ಸೂಚನೆ ತೋರಿಸುವ ನೋಟಿಫೈ ಓಎಸ್‌ಡಿ. ಬಟನ್ ಇರಲಿಲ್ಲ. ಮೌಸ್ ಹತ್ತಿರ ಹೋದರೆ ಸೂಚನೆ ಮಸುಕಾಗುತ್ತಿತ್ತು, ಕ್ಲಿಕ್ ಅದರ ಹಿಂದಿನ ಕಿಟಕಿಗೆ ಹೋಗುತ್ತಿತ್ತು. ಸೂಚನೆ ಎಷ್ಟು ಹೊತ್ತಿರಬೇಕು ಎಂದು ನಾವು ಹೇಳಿದರೂ ಲೆಕ್ಕಕ್ಕಿರಲಿಲ್ಲ. ಬಟನ್ ಕೇಳಿದ ತಂತ್ರಾಂಶಗಳಿಗೆ ಸೂಚನೆಯ ಬದಲು ಸಾದಾ ಡೈಲಾಗ್ ಪೆಟ್ಟಿಗೆ ಬರುತ್ತಿತ್ತು. ನಾನಾಗ ಇದ್ದ ಕಂಪನಿಯ ಮೇಲಿನವರು ‘ಕೆಟ್ಟುಹೋಗಿದೆ’ ಎಂದು ಕೂಗಾಡಿದರು. ಕೆಟ್ಟಿರಲಿಲ್ಲ. ಗೆಟ್ ಕೇಪಬಿಲಿಟೀಸ್ ಎಂಬ ಕರೆ ಲಿನಕ್ಸ್ ಸೂಚನೆಗಳ ನಿಯಮಾವಳಿಯಲ್ಲಿ ಮೊದಲಿನಿಂದಲೂ ಇದೆ. ಬಟನ್ ಸಿಗುತ್ತದೆಯೇ ಎಂದು ಸರ್ವರ್ ಅನ್ನು (ಅದೇ ಕಂಪ್ಯೂಟರಿನಲ್ಲಿ ಸೂಚನೆ ತೋರಿಸುವ ಭಾಗವನ್ನು) ಕೇಳಬೇಕು, ಸಿಗದಿದ್ದರೆ ಆ ಆಯ್ಕೆಯನ್ನು ಮುಖ್ಯ ಕಿಟಕಿಯಲ್ಲಿ ಇಡಬೇಕು. ನಾನು ಹಾಗೆಯೇ ಬದಲಿಸಿದೆ, ಬಳಸುವವರಿಗೆ ಅದೇ ಹಿತವಾಯಿತು. ಬಿಲ್ ಬರೆಯುವವನ ಕೈಯನ್ನು ತಡೆದು ಉತ್ತರ ಕೇಳುವ ಹಕ್ಕು ಸೂಚನೆಗೆ ಇಲ್ಲ. ಮುಂದೆ ಸೂಚನೆ ಕಳಿಸುವ ಲೈಬ್ರರಿಯಾದ ಲಿಬ್‌ನೋಟಿಫೈ 0.7ರಲ್ಲಿ ಸೂಚನೆ ಕಟ್ಟುವ ಕರೆಯ ನಾಲ್ಕನೆಯ ವಾದಾಂಶ ಹೋಯಿತು, ಅಷ್ಟನ್ನು ತಿದ್ದಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಿದೆವು. 2015ರಲ್ಲಿ ಬಂದ ಲಿನಕ್ಸ್ ಡೆಸ್ಕ್‌ಟಾಪ್ ಗ್ನೋಮ್ 3.16ರಲ್ಲಿ ಸೂಚನೆಗಳು ಕೆಳಗಿನಿಂದ ಮೇಲಕ್ಕೆ, ಕ್ಯಾಲೆಂಡರ್ ಬಳಿಗೆ ಹೋದವು. 3.26ರಲ್ಲಿ ಮೂಲೆಯ ಐಕಾನ್‌ಗಳ ಹಳೆಯ ಟ್ರೇ ಹೋಯಿತು. ಸರ್ವರ್ ಅನ್ನು ಕೇಳಿ ನಡೆಯುವ ನನ್ನ ಕೋಡ್ ಈ ಕೊನೆಯ ಎರಡಕ್ಕೂ ಮುರಿಯಲಿಲ್ಲ.

ಧಾರವಾಡದಿಂದ:
ಹಿರಿಯರೇ, ಆಮ್ಲಜನಕದ ಸಿಲಿಂಡರ್ ಖಾಲಿಯಾಗುತ್ತಿದೆ ಎಂಬ ಸೂಚನೆಯೂ ಮಸುಕಾಗಿ ಹೋಗಬೇಕೇ? ನಾನು ಎಲ್ಲ ಎಚ್ಚರಿಕೆಯನ್ನೂ ಕ್ರಿಟಿಕಲ್ (ಅತಿ ತುರ್ತು) ಮಟ್ಟದಲ್ಲೇ ಕಳಿಸುತ್ತೇನೆ. ತಾನಾಗಿ ಮಾಯವಾಗಬಾರದು ಎಂಬ ನಿಯಮ ಅದಕ್ಕೇ ಇರುವುದು.

ಮೈಸೂರಿನಿಂದ:
ಎಲ್ಲವೂ ಕ್ರಿಟಿಕಲ್ ಆದರೆ ಯಾವುದೂ ಅಲ್ಲ. ಮಟ್ಟಗಳು ಮೂರಿವೆ: ಲೋ, ನಾರ್ಮಲ್, ಕ್ರಿಟಿಕಲ್. ಸಿಲಿಂಡರ್‌ಗೆ ಮೂರನೆಯದು ಸರಿ. ಬ್ಯಾಕಪ್ ಮುಗಿಯಿತು ಎಂಬುದಕ್ಕೂ ಅದನ್ನೇ ಹಾಕುವವರಿಂದ ಜನ ಸೂಚನೆಗಳನ್ನೇ ಮುಚ್ಚಿಬಿಡುತ್ತಾರೆ.

ಮಂಗಳೂರಿನಿಂದ:
ನೀವೆಲ್ಲ ಮ್ಯಾಕ್‌ನವರ ಪಾಡು ನೋಡಿಲ್ಲ. 2012ರಲ್ಲಿ ಆ್ಯಪಲ್ ಕೊಟ್ಟ ಎನ್‌ಎಸ್ ಯೂಸರ್ ನೋಟಿಫಿಕೇಶನ್ ಎಂಬ ಸೂಚನಾ ವಿಧಾನದ ಮೇಲೆ ನಮ್ಮ ಶಾಲಾ ಶುಲ್ಕದ ತಂತ್ರಾಂಶ ನಿಂತಿತ್ತು. ಮ್ಯಾಕ್‌ಓಎಸ್ 11ರಲ್ಲಿ ಅದು ಬಳಕೆಯಿಂದ ಹೊರಟ ಪಟ್ಟಿಗೆ ಸೇರಿತು. ಹೊಸದು ಮೊದಲು ಅನುಮತಿ ಕೇಳುತ್ತದೆ. ಒಮ್ಮೆ ಬೇಡ ಎಂದರೆ ಮತ್ತೆ ಕೇಳುವಂತಿಲ್ಲ, ಅವರೇ ಸೆಟ್ಟಿಂಗ್ಸ್‌ಗೆ ಹೋಗಬೇಕು. ಬಂಡಲ್ (ಮ್ಯಾಕ್ ಆ್ಯಪ್‌ನ ಕಡತಗಳ ಕಟ್ಟು) ಇಲ್ಲದ ಬರಿಯ ಪ್ರೋಗ್ರಾಂ ಆಗಿ ಓಡಿಸಿದರೆ ಕರೆದ ಕೂಡಲೇ ಕುಸಿಯುತ್ತದೆ. ವರ್ಷಕ್ಕೆ 99 ಡಾಲರ್ ಡೆವಲಪರ್ ಸದಸ್ಯತ್ವ, ಕಾರ್ಡಿನ ವಿನಿಮಯ ಶುಲ್ಕ ಬೇರೆ. ಶಾಲೆಯವರು ಆ ಹಣ ನಾನೇ ಹಾಕಿಕೊಳ್ಳಬೇಕು ಎಂದರು. ಅನುಮತಿ ಕೊಡದ ಗುಮಾಸ್ತೆ ‘ನಿಮ್ಮ ಸಾಫ್ಟ್‌ವೇರ್ ಸತ್ತಿದೆ’ ಎಂದು ಆಡಳಿತ ಮಂಡಳಿಗೆ ಪತ್ರ ಬರೆದರು. ಆ ನೋವು ಇನ್ನೂ ಇದೆ.

ಬೆಂಗಳೂರಿನಿಂದ:
ಸ್ವಂತ ಕಿಟಕಿಗೆ ಯಾರ ಅನುಮತಿಯೂ ಬೇಡ, ಮೇಡಂ.

ಮಂಗಳೂರಿನಿಂದ:
ಬೇಡವೆಂದವರ ಪರದೆಯ ಮೇಲೆ ಬಲವಂತವಾಗಿ ಏರುವುದನ್ನು ನಾನು ಪರಿಹಾರ ಎನ್ನುವುದಿಲ್ಲ. ನನ್ನ ಸಿಟ್ಟು ಶುಲ್ಕದ ಮೇಲೆ, ಆ ಪತ್ರದ ಮೇಲೆ. ಅನುಮತಿ ಕೇಳುವುದು ಸರಿಯೇ.

ಹಾಸನದಿಂದ:
ಕನ್ನಡದಲ್ಲಿ ಸೂಚನೆ ಕಳಿಸುವವರು ಇಲ್ಲಿ ಯಾರೂ ಇಲ್ಲವೇ? ಹಳೆಯ ಬಲೂನ್‌ನಲ್ಲಿ ತಲೆಬರಹಕ್ಕೆ 64, ಒಡಲಿಗೆ 256 ಜಾಗ, ಸಾಲು ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆಯೂ ಸೇರಿ. ಅದು ಯುಟಿಎಫ್-16 ಲೆಕ್ಕ, ವ್ಯಂಜನ, ಸ್ವರಚಿಹ್ನೆ, ವಿರಾಮ ಪ್ರತಿಯೊಂದಕ್ಕೂ ಒಂದು ಜಾಗ. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಜಾಗ ತಿನ್ನುತ್ತದೆ. ‘ಸ್ತ್ರೀಶಕ್ತಿ ಸ್ವಸಹಾಯ ಸಂಘದ ಸಾಲದ ಕಂತು’ ಎಂಬಂಥ ತಲೆಬರಹಕ್ಕೆ ಊರಿನ ಹೆಸರು, ತಿಂಗಳು ಸೇರಿದರೆ ಅರ್ಧಕ್ಕೇ ಕತ್ತರಿಸಿ, ತುದಿಯಲ್ಲಿ ಒತ್ತಕ್ಷರ ಕಳೆದುಕೊಂಡ ವ್ಯಂಜನ ನಿಲ್ಲುತ್ತದೆ. ನಮ್ಮ ಗ್ರಾಹಕರು ಅದನ್ನು ‘ತಪ್ಪು ಕನ್ನಡ’ ಎಂದು ಕರೆದು ಬಾಕಿ ಹಣ ತಡೆಹಿಡಿದರು. ನಾನು ಟೋಸ್ಟ್‌ಗೆ ಹೋದ ಕಾರಣ ಇದೊಂದೇ, ಬಟನ್ ಅಲ್ಲ.

ಧಾರವಾಡದಿಂದ:
ಇಂಗ್ಲಿಷ್‌ನಲ್ಲಿ ಕಳಿಸಿದರೆ ಮುಗಿಯುತ್ತಿತ್ತು.

ಹಾಸನದಿಂದ:
ಸಾಲದ ಕಂತಿನ ಸೂಚನೆ ಓದುವವರಿಗೆ ಇಂಗ್ಲಿಷ್ ಬರುವುದಿಲ್ಲ. ಯಾರಿಗಾಗಿ ಬರೆಯುತ್ತಿದ್ದೇವೆ ಎಂಬುದನ್ನೇ ಬಿಟ್ಟು ಮಾತಾಡಬೇಡಿ. ಬಲೂನ್‌ನಲ್ಲೇ ಉಳಿಯುವವರು ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ಬ್ರೇಕ್ ಇಟರೇಟರ್ (ಪಠ್ಯವನ್ನು ಎಲ್ಲಿ ಕತ್ತರಿಸಬಹುದೆಂದು ಹೇಳುವ ಭಾಗ) ಹಾಕಿ ಅಕ್ಷರದ ಅಂಚಿನಲ್ಲಿ ಕತ್ತರಿಸಿ, ಆಮೇಲೆ ಮೂರು ಚುಕ್ಕೆ ಸೇರಿಸಿ. ಸಂಖ್ಯೆ ಎಣಿಸಿ ಕತ್ತರಿಸಿದರೆ ಮತ್ತೆ ಅದೇ ಜಗಳ.

ಮೈಸೂರಿನಿಂದ:
ಐಸಿಯು ಕೂಡ ಒತ್ತಕ್ಷರದ ನಡುವೆಯೇ ಕತ್ತರಿಸಬಹುದು, ಕನ್ನಡದ ಪದಗಳನ್ನೇ ಹಾಕಿ ಪರೀಕ್ಷಿಸಿ. ಇದರಲ್ಲಿ ಮಾತ್ರ ಹಾಸನದವರ ಪರ ನಾನು.