ಬಾರಿನಿಂದ ಹೊರಟವರ ಗಾಡಿಯನ್ನು ನಾವು ಓಡಿಸಿ ಮನೆ ಮುಟ್ಟಿಸಬಹುದೇ? – ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ತುಮಕೂರಿನ ಸದಸ್ಯ):
ಸರ್, ನಮಸ್ಕಾರ. ನಾವು ಐದು ಜನ ಗೆಳೆಯರು, ಯಾರೂ ಕುಡಿಯುವುದಿಲ್ಲ. ಕಳೆದ ವರ್ಷ ಹೊಸತೊಡಕಿನ ರಾತ್ರಿ ನಮ್ಮ ಬೀದಿಯವರೊಬ್ಬರು ಬಾರಿನಿಂದ ಬೈಕಿನಲ್ಲಿ ಹೊರಟು, ಕ್ಯಾತ್ಸಂದ್ರದ ಹತ್ತಿರ ಡಿವೈಡರಿಗೆ ಗುದ್ದಿ ಕಾಲು ಮುರಿದುಕೊಂಡರು. ಇವತ್ತಿಗೂ ಊರುಗೋಲು ಬಿಟ್ಟಿಲ್ಲ. ಈ ಸಲ ಹೊಸತೊಡಕಿನ ದಿನ ಬಿ.ಎಚ್. ರಸ್ತೆಯ ಒಂದೆರಡು ಬಾರುಗಳ ಮುಂದೆ ನಿಂತು, ಕುಡಿದವರ ಗಾಡಿಯನ್ನು ನಾವೇ ಓಡಿಸಿ ಅವರನ್ನು ಮನೆಗೆ ಬಿಡಬೇಕು ಎಂದುಕೊಂಡಿದ್ದೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಪೊಲೀಸರು ತಡೆದರೆ ಏನು ಮಾಡಬೇಕು? ಕಾರು ಎಲ್ಲಾದರೂ ತಾಗಿದರೆ ಅದು ಯಾರ ತಲೆಗೆ ಬರುತ್ತದೆ?

ಉತ್ತರ (ವಕೀಲರು):
ಅಪಘಾತ ಪರಿಹಾರದ ಪ್ರಕರಣಗಳನ್ನೇ ನಡೆಸುತ್ತ ತಲೆ ನರೆತವನು ನಾನು. ಅಪಘಾತವಾದ ಮೇಲೆ ಬರುವವರೇ ನನ್ನ ಕಕ್ಷಿದಾರರು. ಆಗುವ ಮೊದಲೇ ಕೇಳಿದವರು ನೀವು ಮೊದಲಿಗರು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪೊಲೀಸರ ವಿಷಯಕ್ಕೆ ಹೆದರಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಹಿಡಿಯುವುದು ಕುಡಿದು ವಾಹನ ಓಡಿಸುವವನನ್ನು ಅಥವಾ ಓಡಿಸಲು ಯತ್ನಿಸುವವನನ್ನು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಪಕ್ಕದಲ್ಲಿ ಕುಳಿತು ಗೊರಕೆ ಹೊಡೆಯುವವನಿಗೆ ಈ ಕಲಮು ಅನ್ವಯಿಸುವುದಿಲ್ಲ. ನೀವು ಊದಿ ತೋರಿಸಿ, ಮುಂದೆ ಹೋಗಿ. ಆದರೆ ಅವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಮುಂದೆ ಕೂತವನು ಸ್ಟಿಯರಿಂಗಿಗೆ ಕೈ ಹಾಕಿದ ಒಂದು ಪ್ರಕರಣವನ್ನು ನಾನೇ ನಡೆಸಿದ್ದೇನೆ.

ಈಗ ವಿಮೆ. ಮಾಲೀಕನ ಒಪ್ಪಿಗೆಯಿಂದ, ಆ ಬಗೆಯ ವಾಹನಕ್ಕೆ ಚಾಲ್ತಿಯಲ್ಲಿರುವ ಪರವಾನಗಿ ಇರುವವರು ಓಡಿಸಿದರೆ ಮೂರನೆಯವರಿಗೆ ಆಗುವ ಹಾನಿಗೆ ಅವನ ವಿಮೆಯೇ ನಿಲ್ಲುತ್ತದೆ. ಸಮಗ್ರ ವಿಮೆ ಇದ್ದರೆ ಕಾರಿನ ಗೀರು, ಬೆಂಡು ಕೂಡ ಅದರಲ್ಲೇ ಹೋಗುತ್ತದೆ. ತೊಡಕಿರುವುದು ನಿಮ್ಮ ಸ್ವಂತ ಮೈಕೈಗೆ ಪೆಟ್ಟಾದಾಗ. ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕನೇ ಚಾಲಕನಾಗಿದ್ದಾಗ ಮಾತ್ರ. ನಮ್ಮ ರಾಜ್ಯದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಬೇರೆಯವರ ಬೈಕನ್ನು ಕೇಳಿ ಪಡೆದು ಹೋಗುತ್ತಿದ್ದವನು, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಗೆ ಗುದ್ದಿ ತೀರಿಕೊಂಡಿದ್ದ. ಎರವಲು ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಂತ ಹಾಗೆ, ಆದ್ದರಿಂದ ಆಗ ಇದ್ದ 163ಎ ಕಲಮಿನಡಿ, ಅಂದರೆ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಪರಿಹಾರ ಕೇಳುವ ಕಲಮಿನಡಿ, ಆ ವಾಹನದ ವಿಮೆಯಿಂದ ಪರಿಹಾರ ಕೇಳಲಾಗದು ಎಂದಿತು ನ್ಯಾಯಾಲಯ. ನೀವು ಐವರೂ ನಾಳೆಯೇ ಬ್ಯಾಂಕಿಗೆ ಹೋಗಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ. ವರ್ಷಕ್ಕೆ 20 ರೂಪಾಯಿ, 2 ಲಕ್ಷದ ರಕ್ಷೆ. ಇದು ಸಾಲದು, ಆದರೂ ಬರಿಗೈಗಿಂತ ವಾಸಿ.

ಇನ್ನೊಂದು ಮಾತು. ಒಪ್ಪಿಗೆಯನ್ನು ಮೊದಲ ಗುಟುಕಿಗೆ ಮುಂಚೆ ಪಡೆಯಿರಿ. ಏನನ್ನು ಒಪ್ಪುತ್ತಿದ್ದೇನೆ ಎಂದೇ ತಿಳಿಯದಷ್ಟು ಕುಡಿದವನು ಮಾಡಿದ ಕರಾರು ನಿಲ್ಲುವುದಿಲ್ಲ ಎಂದು 1872ರ ಕರಾರು ಕಾಯ್ದೆಯಲ್ಲೇ ಇದೆ. ಕಾನೂನು ಒತ್ತಟ್ಟಿಗಿರಲಿ, ಅನುಭವ ಹೇಳುವುದೂ ಅದನ್ನೇ. ಹನ್ನೊಂದೂವರೆಗೆ ಬಾರಿನ ಷಟರ್ ಅರ್ಧ ಇಳಿದಾಗ ಹೊರಗೆ ಬರುವವನನ್ನು ನೋಡಿದ್ದೀರಲ್ಲ. ತನ್ನ ಕಾರು ಯಾವುದೆಂದು ತಿಳಿಯಲು ರಿಮೋಟ್ ಒತ್ತುತ್ತಾನೆ, ಎಲ್ಲೋ ದೀಪ ಮಿನುಗುತ್ತದೆ, ಇವನು ಇನ್ನೊಂದು ಕಾರಿನ ಬಾಗಿಲನ್ನು ಎಳೆಯುತ್ತಿರುತ್ತಾನೆ. ಆಗ ಹೋಗಿ ಕೀ ಕೊಡಿ ಎಂದರೆ ‘ನನಗೇನಾಗಿದೆ?’ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟು ಗೆದ್ದವರು ಯಾರೂ ಇಲ್ಲ. ಸಂಜೆ ಏಳಕ್ಕೇ ನಿಂತು, ಒಳಗೆ ಹೋಗುವಾಗಲೇ ಕೀ ತೆಗೆದುಕೊಂಡು, ಮನೆಯ ವಿಳಾಸವನ್ನೂ ಮನೆಯವರ ಫೋನ್ ನಂಬರನ್ನೂ ಬರೆಸಿಕೊಳ್ಳಿ. ಕಾರಿನ ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಬೆಳಿಗ್ಗೆ ಹಳೆಯ ಗೀರುಗಳೆಲ್ಲ ಹೊಸದಾಗುತ್ತವೆ.

ಪ್ರಶ್ನೆ (ಅದೇ ಸದಸ್ಯ):
ಒಳ್ಳೆಯ ಉದ್ದೇಶದಿಂದ ಸಹಾಯ ಮಾಡುವವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮಿನ ರಕ್ಷಣೆ ಇದೆ ಎಂದು ಗೆಳೆಯನೊಬ್ಬ ಹೇಳಿದ. ನಮಗೆ ಅದು ಸಾಲದೇ ಸರ್? ಇನ್ನೊಂದು, ಅವರನ್ನು ಬಿಟ್ಟ ಮೇಲೆ ನಾವು ವಾಪಸು ಬರುವುದು ಹೇಗೆ?

ಉತ್ತರ:
134ಎ ಇರುವುದು ಅಪಘಾತದಲ್ಲಿ ಗಾಯಗೊಂಡವರಿಗೆ ಕೈಹಿಡಿದವರಿಗೆ. ಸ್ಟಿಯರಿಂಗ್ ನಿಮ್ಮ ಕೈಯಲ್ಲಿದ್ದು ನೀವೇ ಗುದ್ದಿದರೆ ಅದು ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ವಾಪಸು ಬರುವ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡವರು ಕೆನಡಾದವರು. ಕ್ವಿಬೆಕ್ ನಗರದಲ್ಲಿ 1984ರಲ್ಲಿ ಜಾನ್ ಮರಿ ಡಿ ಕೊನಿಂಕ್ ಎಂಬ ಗಣಿತದ ಪ್ರಾಧ್ಯಾಪಕರು, ತಾವು ತರಬೇತಿ ಕೊಡುತ್ತಿದ್ದ ಈಜು ತಂಡಕ್ಕೆ ಹಣ ಕೂಡಿಸಲೆಂದು ‘ಆಪರೇಷನ್ ನೆ ರೂಜ್’, ಅಂದರೆ ಕೆಂಪು ಮೂಗು, ಎಂಬ ಸೇವೆ ಶುರು ಮಾಡಿದರು. ಒಂದು ಕರೆಗೆ ಮೂರು ಜನ ಹೋಗುತ್ತಾರೆ. ಒಬ್ಬ ಗಿರಾಕಿಯ ಕಾರನ್ನು ಓಡಿಸುತ್ತಾನೆ, ಇನ್ನೊಬ್ಬ ಅದರಲ್ಲೇ ಕೂತು ದಾರಿ ಮತ್ತು ಲೆಕ್ಕಪತ್ರ ನೋಡಿಕೊಳ್ಳುತ್ತಾನೆ, ಮೂರನೆಯವನು ತಮ್ಮ ಕಾರಿನಲ್ಲಿ ಹಿಂದೆ ಬರುತ್ತಾನೆ. ಅಲ್ಲಿಗೆ ಎರಡನೆಯವನು ಬರೀ ಲೆಕ್ಕಕ್ಕಲ್ಲ. ನಾಳೆ ಯಾರಾದರೂ ‘ನನ್ನ ಪರ್ಸ್ ಹೋಯಿತು’ ಎಂದರೆ ಅವನೇ ಸಾಕ್ಷಿ. ಐದು ಜನರೆಂದರೆ ನಿಮ್ಮಲ್ಲಿ ಒಂದೇ ತಂಡ ಆಗುತ್ತದೆ, ಇಬ್ಬರು ಬಾರಿನ ಮುಂದೆ ಉಳಿಯುತ್ತಾರೆ. ಎರಡು ಬಾರಿನ ಆಸೆ ಬಿಡಿ.

ದುಡ್ಡಿನ ಬಗ್ಗೆ: ಅವರ ಕಾರನ್ನೇ ಓಡಿಸಿದಾಗ ಪೆಟ್ರೋಲಿಗೆಂದು ಏನಾದರೂ ಕೊಟ್ಟರೆ ಆಕಾಶ ಬೀಳುವುದಿಲ್ಲ. ನಿಮ್ಮ ಬಿಳಿ ಬೋರ್ಡಿನ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ನೂರು ರೂಪಾಯಿ ಪಡೆದರೆ ಮಾತ್ರ ಅದು ಪರ್ಮಿಟ್ ಇಲ್ಲದ ಬಾಡಿಗೆ. ವಿಮೆಯೂ ಕೈಬಿಡುತ್ತದೆ.

ಪ್ರಶ್ನೆ (ಗುಬ್ಬಿಯ ಸದಸ್ಯೆ):
ಕಾರಿನ ಮಾತೇ ಆಯಿತಲ್ಲ ಸರ್, ನಮ್ಮ ಮನೆಯವರೂ ಅವರ ಗೆಳೆಯರೂ ಹೋಗುವುದು ಬೈಕಿನಲ್ಲಿ. ಹಿಂದೆ ಕೂರಿಸಿಕೊಂಡು ಬಂದರೆ ಆಗುವುದಿಲ್ಲವೇ?

ಉತ್ತರ:
ಅಮ್ಮಾ, ನೀವು ಕೇಳಿದ್ದೇ ನಿಜವಾದ ಪ್ರಶ್ನೆ. ನಮ್ಮ ಬಾರುಗಳ ಮುಂದೆ ಕಾರು ಹತ್ತಿದ್ದರೆ ಬೈಕು ಐವತ್ತು ಇರುತ್ತವೆ.

ಆಗುವುದಿಲ್ಲ. ವಕೀಲನಾಗುವ ಮೊದಲು ಒಂದು ಬೀಗರ ಊಟದಿಂದ ನಮ್ಮ ಚಿಕ್ಕಪ್ಪನನ್ನು ಹೀಗೆಯೇ ಕರೆತಂದೆ. ಬೀಳುತ್ತಾರೆಂದು ಟವೆಲಿನಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ. ಎರಡು ಮೈಲಿ ಹೋಗುವಷ್ಟರಲ್ಲಿ ಅವರ ಗಲ್ಲ ನನ್ನ ಹೆಗಲಿಗೆ ಒತ್ತಿಕೊಂಡಿತು, ನಿದ್ದೆ. ಒಂದು ಉಬ್ಬಿನ ಮೇಲೆ ಅವರು ಎಡಕ್ಕೆ ವಾಲಿದರು, ಟವೆಲು ನನ್ನನ್ನೂ ಎಳೆಯಿತು, ಇಬ್ಬರೂ ರಾಗಿ ಹೊಲದಲ್ಲಿ. ಹೊಲ ಉತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಬೈಕು ಬಾರಿನ ಹತ್ತಿರವೇ ನಿಲ್ಲಲಿ, ಕೀ ಕ್ಯಾಷಿಯರ್ ಹತ್ತಿರ ಇರಲಿ, ಮನುಷ್ಯ ಆಟೋದಲ್ಲಿ ಮನೆಗೆ ಬರಲಿ. ರಾತ್ರಿಯ ದರ ಹೆಚ್ಚಾದರೂ ಬೈಕಿನ ಬಂಪರಿನಷ್ಟು ದುಬಾರಿಯಲ್ಲ. ಹುಡುಗರೇ, ನಿಮಗೂ ಇದೇ ಹೇಳುತ್ತೇನೆ: ಐದು ಜನ ಡ್ರೈವರ್‌ಗಳಾಗುವ ಬದಲು ಮೂರು ಆಟೋದವರನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡರೆ ಹೆಚ್ಚು ಜನ ಮನೆ ಸೇರುತ್ತಾರೆ.

ಪ್ರಶ್ನೆ (ಇನ್ನೊಬ್ಬ ಸದಸ್ಯ):
ಬೆಳಿಗ್ಗೆ ಆರಕ್ಕೆ ಬಂದು ಬೈಕು ತೆಗೆದುಕೊಂಡು ಹೋಗಬಹುದಲ್ಲ? ಮಲಗಿ ಎದ್ದಿರುತ್ತೇವೆ, ಮಜ್ಜಿಗೆ ಕುಡಿದಿರುತ್ತೇವೆ.

ಉತ್ತರ:
ಎಷ್ಟು ಕುಡಿದಿರಿ ಎಂಬುದರ ಮೇಲೆ ಹೋಗುತ್ತದೆ. ಒಂದು ಕ್ವಾರ್ಟರ್, ಅಂದರೆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. 65 ಕಿಲೋ ತೂಕದ ಗಂಡಸಿಗೆ ಅದು 100 ಮಿ.ಲೀ. ರಕ್ತಕ್ಕೆ ಸುಮಾರು 130 ಮಿ.ಗ್ರಾಂ ತನಕ ಏರಿಸಬಲ್ಲದು. ಇಳಿಯುವುದು ಗಂಟೆಗೆ 15ರ ಆಸುಪಾಸು. ಹನ್ನೊಂದಕ್ಕೆ ಮುಗಿಸಿದವನು ಆರಕ್ಕೆ ಊದಿದರೆ ಇನ್ನೂ 30ರ ಅಂಚಿನಲ್ಲೇ ಇರಬಹುದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಯಕೃತ್ತನ್ನು ಅವಸರಪಡಿಸುವುದಿಲ್ಲ. ತಿಂಡಿ ತಿಂದು ಹತ್ತರ ಮೇಲೆ ಬನ್ನಿ.

ಮರೆಯುವ ಮೊದಲು, ಹುಡುಗರಿಗೆ: ಕರೆದರೆ ಓಗೊಡದವನನ್ನು, ಉಸಿರು ನಿಧಾನವಾಗಿರುವವನನ್ನು ಕಾರಿಗೂ ಆಟೋಗೂ ಹತ್ತಿಸಬೇಡಿ. ವಾಂತಿ ಗಂಟಲಿಗೆ ಸಿಗದಂತೆ ಮಗ್ಗುಲಾಗಿ ಮಲಗಿಸಿ, 108ಕ್ಕೆ ಕರೆ ಮಾಡಿ, ಬರುವವರೆಗೆ ಪಕ್ಕದಲ್ಲೇ ಇರಿ.

ಮೊದಲ ಸದಸ್ಯ:
ಧನ್ಯವಾದ ಸರ್. ಒಂದೇ ಬಾರು ಎಂದು ತೀರ್ಮಾನಿಸಿದೆವು. ಕ್ಯಾಷಿಯರ್ ಅಣ್ಣ ಕೀ ಇಟ್ಟುಕೊಳ್ಳಲು ಒಪ್ಪಿದ್ದಾರೆ, ಆದರೆ ಯಾವ ಕೀ ಯಾರದು ಎಂದು ಗೊತ್ತಾಗುವುದು ಹೇಗೆ ಎನ್ನುತ್ತಿದ್ದಾರೆ.

ಉತ್ತರ:
ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವಂಥ ತಗಡಿನ ಟೋಕನ್ ಎರಡೆರಡು ಮಾಡಿಸಿ. ಒಂದು ಕೀಗೆ ಕಟ್ಟಿ, ಇನ್ನೊಂದನ್ನು ಗಿರಾಕಿಯ ಕೈಗೆ ಕೊಡಬೇಡಿ, ಕಳೆದುಕೊಳ್ಳುತ್ತಾನೆ. ಅಂಗಿಯ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿ.