ಅಪ್‌ಡೇಟ್: ರಿಟರ್ನ್ ಲೈನ್ ದಪ್ಪ ಮಾಡಿದ ಮೇಲೆ ಪೆಟ್ರೋಲ್ ಪ್ರೆಶರ್ ಸ್ಥಿರವಾಗಿ ನಿಂತಿತು

ಮೊದಲು ಕೇಳಿದ್ದು ಇಷ್ಟು: ಕಾರ್ಬುರೇಟರ್ ಇರುವ ಡ್ರ್ಯಾಗ್ ಕಾರು (ನೇರ ಟ್ರ್ಯಾಕ್‌ನ ಕಿರು ಓಟದ್ದು), ಪೆಟ್ರೋಲ್ ಪ್ರೆಶರ್ ಹಿಡಿದಿಡುವ ರೆಗ್ಯುಲೇಟರ್‌ಗೆ ರಿಟರ್ನ್ (ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗುವ ಲೈನ್) ಇಲ್ಲ. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ) 7 ಪಿಎಸ್‌ಐಗೆ (ಪಿಎಸ್‌ಐ ಅಂದರೆ ಒತ್ತಡದ ಅಳತೆ) ಇಟ್ಟರೆ ತಾನಾಗಿ 9ಕ್ಕೆ ಏರುತ್ತಿತ್ತು, ಓಟದಲ್ಲಿ 4ಕ್ಕೆ ಬಿದ್ದು ಎಂಜಿನ್ ಮುಗ್ಗರಿಸುತ್ತಿತ್ತು.

ನೀವು ಹೇಳಿದಂತೆ ಬೈಪಾಸ್ ರೆಗ್ಯುಲೇಟರನ್ನು ಕಾರ್ಬುರೇಟರ್ ದಾಟಿದ ಮೇಲೆ ಕೂರಿಸಿದೆ. ಪೆಟ್ರೋಲ್ ಮೊದಲು ಕಾರ್ಬುರೇಟರಿನ ಎರಡೂ ಬೌಲ್‌ಗಳಿಗೆ (ಪೆಟ್ರೋಲ್ ನಿಲ್ಲುವ ಪುಟ್ಟ ತೊಟ್ಟಿಗಳು), ಮಿಕ್ಕಿದ್ದು ಟ್ಯಾಂಕಿಗೆ ವಾಪಸ್. ಆದರೆ ಮೊದಲ ದಿನ ಸ್ಕ್ರೂ ಪೂರ್ತಿ ಸಡಿಲಿಸಿದರೂ ಗೇಜ್ ಮುಳ್ಳು 9ರಿಂದ ಕೆಳಗಿಳಿಯಲಿಲ್ಲ. ರೆಗ್ಯುಲೇಟರೇ ಕೆಟ್ಟಿದೆ ಅಂದುಕೊಂಡೆ. ಕಾರಣ ಬೇರೆ ಇತ್ತು. ರಿಟರ್ನ್‌ಗೆ ಹಳೇ 6 ಎಎನ್ ಹೋಸ್ (ಎಎನ್ ಹೋಸಿನ ಅಳತೆ, ಅಂಕಿ ಹೆಚ್ಚಿದಷ್ಟೂ ದಪ್ಪ) ಹಾಕಿದ್ದೆ, ಐಡಲ್‌ನಲ್ಲಿ ಪಂಪ್ ದೂಡುವ ಪೆಟ್ರೋಲ್ ಹೆಚ್ಚುಕಮ್ಮಿ ಪೂರ್ತಿ ಅದರಲ್ಲೇ ಹೋಗಬೇಕು. ಹೋಸೇ ತಡೆಯಾದರೆ ರೆಗ್ಯುಲೇಟರ್ ಏನು ಮಾಡೀತು! 10 ಎಎನ್ ಎಳೆದೆ, ಮುಳ್ಳು ಸಲೀಸಾಗಿ 5ಕ್ಕೆ ಇಳಿಯಿತು. ಎಂಜಿನ್ ಓಡುತ್ತಿರುವಾಗಲೇ 7ಕ್ಕೆ ತಂದು ಲಾಕ್ ನಟ್ ಬಿಗಿದೆ.

ವಾಪಸ್ ಬರುವ ಪೆಟ್ರೋಲ್ ಟ್ಯಾಂಕಿನಲ್ಲಿ ಪಿಕಪ್‌ನಿಂದ (ಪಂಪ್ ಪೆಟ್ರೋಲ್ ಎಳೆದುಕೊಳ್ಳುವ ಬಾಯಿ) ದೂರ ಬೀಳಲಿ. ಹತ್ತಿರ ಬಿದ್ದರೆ ನೊರೆಯನ್ನೇ ಪಂಪ್ ಎಳೆದುಕೊಳ್ಳುತ್ತದೆ.

ಲಾಂಚ್ (ಓಟದ ಶುರುವಿನಲ್ಲಿ ಕಾರು ಮುನ್ನುಗ್ಗುವುದು) ಬಗ್ಗೆ ಕೇಳಿದವರಿಗೆ: 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷದಲ್ಲಿ ಲೈನಿನ ಪ್ರತಿ ಅಡಿಯಲ್ಲಿರುವ ಪೆಟ್ರೋಲೂ ಸುಮಾರು 0.3 ಪಿಎಸ್‌ಐ ಹಿಂದಕ್ಕೆ ಎಳೆಯುತ್ತದೆ. ಪಂಪ್ ಹಿಂದಿದ್ದು ಲೈನ್ 10 ಅಡಿ ಇದ್ದರೆ 3 ಪಿಎಸ್‌ಐ ಅಲ್ಲೇ ಹೋಯಿತು. ಈಗ ಪ್ರೆಶರ್ ಕುಸಿಯುತ್ತಿದ್ದಂತೆ ಬೈಪಾಸ್ ಮುಚ್ಚಿಕೊಳ್ಳುತ್ತದೆ, ಪಂಪಿನ ಪೂರ್ತಿ ಹರಿವು ಬೌಲ್‌ಗಳಿಗೇ ಸಿಗುತ್ತದೆ. ನಿನ್ನೆ ಮೂರು ಓಟದಲ್ಲೂ ಗೇಜ್ 6.5ಕ್ಕಿಂತ ಇಳಿಯಲಿಲ್ಲ. ದಾರಿ ತೋರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.